ನಾಗಸಂದ್ರದ ಐಕಿಯಾಗೆ ಹೊರಟಿದ್ದೀರಾ? ಮೊದಲು ಅಳತೆ ಟೇಪು ಹುಡುಕಿ

"ಐಕಿಯಾಗೆ ಹೋಗೋಣ ಅಂತಿದ್ದೀವಿ, ಏನೇನು ನೋಡ್ಕೋಬೇಕು?" ಮನೆ ಬದಲಾಯಿಸುವವರು, ಹೊಸದಾಗಿ ಸಂಸಾರ ಹೂಡಿದವರು, ಮಕ್ಕಳಿಗೆ ಓದುವ ಮೇಜು ಹುಡುಕುತ್ತಿರುವವರು, ಎಲ್ಲರೂ ಕೇಳುವುದು ಇದನ್ನೇ. ಬಿಡಿಸಿ ನೋಡಿದರೆ ಒಳಗೆ ನಾಲ್ಕು ಪ್ರಶ್ನೆಗಳಿವೆ. ಅಷ್ಟು ದೊಡ್ಡ ಅಂಗಡಿಯಲ್ಲಿ ಬೇಕಾದ್ದು ಹುಡುಕುವುದು ಹೇಗೆ? ಕೊಂಡದ್ದನ್ನು ಮನೆಗೆ ತರುವುದು ಹೇಗೆ? ಜೋಡಿಸುವುದು ನಮ್ಮ ಕೈಲಿ ಆಗುತ್ತಾ? ಬಾಳಿಕೆ ಬರುತ್ತಾ? ಒಂದೊಂದಾಗಿ ನೋಡೋಣ.

ಮೊದಲು ಒಂದಿಷ್ಟು ಹಿನ್ನೆಲೆ. ಐಕಿಯಾ ಸ್ವೀಡನ್ ದೇಶದ ಪೀಠೋಪಕರಣದ ಕಂಪನಿ. 1943ರಲ್ಲಿ ಇಂಗ್ವಾರ್ ಕಾಂಪ್ರಾಡ್ ಎಂಬ ಹುಡುಗ ಶುರು ಮಾಡಿದ್ದು. ಭಾರತದಲ್ಲಿ ಅವರ ಮೊದಲ ದೊಡ್ಡ ಅಂಗಡಿ 2018ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಆಮೇಲೆ ನವಿ ಮುಂಬೈ. ನಮ್ಮ ಬೆಂಗಳೂರಿನ ನಾಗಸಂದ್ರದ್ದು ತೆರೆದಿದ್ದು 2022ರ ಜೂನ್ 22ರಂದು. ಆಗ ಮೊದಲ ವಾರಾಂತ್ಯದಲ್ಲಿ ಅಂಗಡಿ ಮುಂದಿನ ತುಮಕೂರು ರಸ್ತೆಯಲ್ಲಿ ಎಷ್ಟು ಟ್ರಾಫಿಕ್ ಜಾಮ್ ಆಗಿತ್ತು ಅಂತ ಬಹಳ ಜನಕ್ಕೆ ನೆನಪಿರಬಹುದು.

ಇಲ್ಲಿ ಪೀಠೋಪಕರಣಗಳು ಬಿಡಿ ಬಿಡಿಯಾಗಿ, ಚಪ್ಪಟೆ ಪೆಟ್ಟಿಗೆಯಲ್ಲಿ ಬರುತ್ತವೆ. ಇದಕ್ಕೆ ಫ್ಲಾಟ್ ಪ್ಯಾಕ್ ಎನ್ನುತ್ತಾರೆ. 1950ರ ದಶಕದಲ್ಲಿ ಅವರ ಕೆಲಸಗಾರರೊಬ್ಬರು ಮೇಜು ಕಾರಿನಲ್ಲಿ ಹಿಡಿಯದೆ ಕಾಲುಗಳನ್ನು ಬಿಚ್ಚಿದರಂತೆ, ಅಲ್ಲಿಂದ ಈ ಪದ್ಧತಿ ಬೆಳೆಯಿತು ಅಂತ ಕಂಪನಿಯವರೇ ಹೇಳಿಕೊಳ್ಳುತ್ತಾರೆ. ಲಾರಿಯಲ್ಲಿ ಗಾಳಿ ಸಾಗಿಸುವುದು ತಪ್ಪುತ್ತದೆ, ಗೋದಾಮಿನಲ್ಲಿ ಜಾಗ ಉಳಿಯುತ್ತದೆ, ಪೆಟ್ಟಿಗೆ ಎತ್ತುವುದು, ಜೋಡಿಸುವುದು ನಮ್ಮ ಪಾಲಿಗೆ ಬರುತ್ತದೆ. ಬೆಲೆ ಕಡಿಮೆಯಾಗಲು ಇದೂ ಒಂದು ಕಾರಣ. ಸಾಗಣೆಗೂ ಜೋಡಣೆಗೂ ದುಡ್ಡು ಕೊಟ್ಟು ಮಾಡಿಸಿದರೆ ಆ ಉಳಿತಾಯ ಎಷ್ಟು ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ.

ನನ್ನ ಅಭಿಪ್ರಾಯ ಇಷ್ಟೇ: ಇಲ್ಲಿ ಆಯ್ಕೆ ಮನೆಯಲ್ಲೇ ಆಗಬೇಕು. ಅಂಗಡಿಗೆ ಹೋಗುವುದು ಕೂತು, ಮುಟ್ಟಿ, ಎಳೆದು ನೋಡಿ ಖಾತ್ರಿ ಮಾಡಿಕೊಳ್ಳುವುದಕ್ಕೆ. "ಹೋಗಿ ನೋಡಿ ಡಿಸೈಡ್ ಮಾಡೋಣ" ಅಂತ ಹೊರಟವರು ಮೇಣದಬತ್ತಿ, ಡಬ್ಬಿ, ಗೊಂಬೆ ತಗೊಂಡು ಬರುತ್ತಾರೆ. ಹೋದ ಕೆಲಸ ಹಾಗೇ ಉಳಿದಿರುತ್ತದೆ.

1. ಮನೆಯನ್ನು ಅಳೆಯಿರಿ, ಸೆಂಟಿಮೀಟರಿನಲ್ಲಿ

ನಮಗೆ ಅಡಿ, ಇಂಚು ರೂಢಿ. ಐಕಿಯಾದ ಚೀಟಿಗಳಲ್ಲಿ ಇರುವುದು ಸೆಂಟಿಮೀಟರ್. ಅಂಗಡಿಯಲ್ಲಿ ನಿಂತು ಲೆಕ್ಕ ಹಾಕುವ ಬದಲು ಮನೆಯಲ್ಲೇ ಸೆಂಟಿಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ಒಂದು ಇಂಚು ಅಂದರೆ 2.54 ಸೆಂಟಿಮೀಟರ್, ಒಂದು ಅಡಿ ಅಂದರೆ ಸುಮಾರು 30.5.

ಗೋಡೆಯ ಉದ್ದ ಎಲ್ಲರೂ ಅಳೆಯುತ್ತಾರೆ. ಮರೆಯುವುದು ಇವುಗಳನ್ನು:

ಅಟ್ಟ. ನಮ್ಮ ಮನೆಗಳ ಮಲಗುವ ಕೋಣೆಯಲ್ಲಿ ಸಾಮಾನ್ಯವಾಗಿ 7 ಅಡಿ ಎತ್ತರಕ್ಕೆ ಕಾಂಕ್ರೀಟಿನ ಅಟ್ಟ ಇರುತ್ತದೆ. ಅಂದರೆ ಸುಮಾರು 213 ಸೆಂಟಿಮೀಟರ್. ಐಕಿಯಾದ ಪ್ಯಾಕ್ಸ್ ವಾರ್ಡ್‌ರೋಬ್ ಎರಡು ಎತ್ತರದಲ್ಲಿ ಬರುತ್ತದೆ, 201 ಮತ್ತು 236. ಅಟ್ಟದ ಕೆಳಗೆ 201ರದ್ದು ಕೂರುತ್ತದೆ, 236ರದ್ದು ಕೂರುವುದಿಲ್ಲ. ಷೋರೂಮಿನ ಚಾವಣಿ ಆಕಾಶದಲ್ಲಿರುತ್ತದೆ, ಅಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಫಾಲ್ಸ್ ಸೀಲಿಂಗ್ ಮತ್ತು ಫ್ಯಾನು. ದೊಡ್ಡ ಕಪಾಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸುತ್ತೇವೆ. ನಿಲ್ಲಿಸುವಾಗ ಅದರ ಮೂಲೆ ಕಪಾಟಿನ ಎತ್ತರಕ್ಕಿಂತ ಜಾಸ್ತಿ ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. 236 ಎತ್ತರ, 58 ಆಳದ ಕಪಾಟಿಗೆ ಆ ಓರೆ ಅಳತೆ 243 ಸೆಂಟಿಮೀಟರ್. 8 ಅಡಿಗೆ ಫಾಲ್ಸ್ ಸೀಲಿಂಗ್ ಇಳಿಸಿದ್ದರೆ ಅದು 244. ಉಳಿಯುವುದು ಒಂದೇ ಸೆಂಟಿಮೀಟರ್. ದೀಪ ಸ್ವಲ್ಪ ಕೆಳಗೆ ಚಾಚಿಕೊಂಡಿದ್ದರೂ ಮುಗಿಯಿತು. ಫ್ಯಾನಿನ ರೆಕ್ಕೆ ಇನ್ನೂ ಕೆಳಗಿರುತ್ತದೆ, ಆದ್ದರಿಂದ ಫ್ಯಾನಿನ ಅಡಿಯಲ್ಲಿ ಎತ್ತಿ ನಿಲ್ಲಿಸುವ ಯೋಚನೆಯೇ ಬೇಡ.

ಸ್ಕರ್ಟಿಂಗ್. ಗೋಡೆಯ ಬುಡದಲ್ಲಿ ಅಂಟಿಸಿರುವ ಟೈಲ್ಸ್ ಪಟ್ಟಿ. ಅದು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಬಂದಿರುತ್ತದೆ. ಹಾಗಾಗಿ ಕಪಾಟು ಗೋಡೆಗೆ ಪೂರ್ತಿ ಒರಗುವುದಿಲ್ಲ, ಹಿಂದೆ ಸಂದು ಬೀಳುತ್ತದೆ. ಬಿಲ್ಲಿ ಎಂಬ ಪುಸ್ತಕದ ಕಪಾಟಿಗೆ ಹಿಂಬದಿಯ ಬುಡದಲ್ಲಿ ಇದಕ್ಕೆಂದೇ ಒಂದು ಕಚ್ಚು ಕೊಟ್ಟಿದ್ದಾರೆ. ನಿಮ್ಮ ಸ್ಕರ್ಟಿಂಗ್‌ನ ಎತ್ತರ, ದಪ್ಪ ಎರಡನ್ನೂ ಬರೆದುಕೊಂಡು ಹೋಗಿ, ಅಂಗಡಿಯಲ್ಲಿ ಬಗ್ಗಿ ನೋಡಿ.

ದಾರಿ. ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು, ಒಳಗಿನ ಓರೆ ಅಳತೆ, ಮೆಟ್ಟಿಲಿನ ತಿರುವು, ಮನೆ ಬಾಗಿಲು. ಎರಡು ಮೀಟರಿನ ಪೆಟ್ಟಿಗೆ ಸಣ್ಣ ಲಿಫ್ಟಿನಲ್ಲಿ ಓರೆಯಾಗಿ ನಿಂತರೆ ಪುಣ್ಯ. ಸೋಫಾ ತಗೊಳ್ಳುವವರು ಇದನ್ನು ಎರಡು ಸಲ ಅಳೆಯಬೇಕು. ಎಲ್ಲ ಸೋಫಾಗಳೂ ಬಿಡಿ ಭಾಗಗಳಾಗಿ ಬರುವುದಿಲ್ಲ.

ಬಾಗಿಲು, ಡ್ರಾಯರ್ ತೆಗೆಯುವ ಜಾಗ. ಮಂಚಕ್ಕೂ ಬೀರುವಿಗೂ ನಡುವೆ ಒಂದೂವರೆ ಅಡಿ ಉಳಿದಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. 50 ಸೆಂಟಿಮೀಟರಿನ ಬಾಗಿಲು ಪೂರ್ತಿ ತೆರೆಯಲು 50 ಸೆಂಟಿಮೀಟರ್ ಬೇಕು, ಅದರ ಮುಂದೆ ನಿಲ್ಲುವುದಕ್ಕೂ ಜಾಗ ಬೇಕು. ಸ್ವಿಚ್‌ಬೋರ್ಡ್ ಕಪಾಟಿನ ಹಿಂದೆ ಮುಚ್ಚಿಹೋಗುತ್ತದಾ ಅನ್ನುವುದನ್ನೂ ಈಗಲೇ ನೋಡಿ.

ಹಳೆಯ ದಿನಪತ್ರಿಕೆಗಳನ್ನು ಕಪಾಟಿನ ಬುಡದ ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ, ಎರಡು ದಿನ ಅದರ ಸುತ್ತ ಓಡಾಡಿ. ಕಾಲಿಗೆ ಅಡ್ಡ ಬರುತ್ತಿದ್ದರೆ ಗೊತ್ತಾಗಿಬಿಡುತ್ತದೆ.

ಹಾಸಿಗೆಯದ್ದು ಬೇರೆಯೇ ಕಥೆ. ನಮ್ಮಲ್ಲಿ ಕಿಂಗ್ ಸೈಜ್ ಅಂದರೆ ಸಾಮಾನ್ಯವಾಗಿ 78 ಇಂಚು ಉದ್ದ, 72 ಇಂಚು ಅಗಲ. ಸೆಂಟಿಮೀಟರಿನಲ್ಲಿ 198, 183. ಯುರೋಪಿನ ಅಳತೆಯ ಮಂಚ 200 ಉದ್ದ, 180 ಅಗಲ. ಮನೆಯಲ್ಲಿರುವ ಹಾಸಿಗೆ ಅಗಲದಲ್ಲಿ ಮೂರು ಸೆಂಟಿಮೀಟರ್ ಜಾಸ್ತಿಯಾಗುತ್ತದೆ. ತುರುಕಿದರೆ ಅಂಚು ಮೇಲೇಳುತ್ತದೆ. ಹಾಸಿಗೆ ಹಳೆಯದೇ ಇರಲಿ ಅನ್ನುವವರು ಮಂಚವನ್ನು ಬೇರೆ ಕಡೆ ನೋಡುವುದು ವಾಸಿ.

2. ಬಡಗಿಯೋ, ಪೆಟ್ಟಿಗೆಯೋ ಎಂದು ತೀರ್ಮಾನಿಸಿ

ಇಲ್ಲಿ ಸಿಗುವ ಕಪಾಟು, ಮೇಜುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡ್ ಅಥವಾ ಫೈಬರ್ ಬೋರ್ಡ್. ಮರದ ಚೂರು, ಹೊಟ್ಟು, ನಾರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಮೇಲೆ ತೆಳು ಹಾಳೆ. ಲ್ಯಾಕ್ ಎಂಬ ಅಗ್ಗದ ಮೇಜಿನ ಒಳಗೆ ಜೇನುಗೂಡಿನಂಥ ಕಾಗದ ಇರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಚೀಟಿಯಲ್ಲೂ ವೆಬ್‌ಸೈಟಿನಲ್ಲೂ ಬರೆದಿರುತ್ತಾರೆ. ಆದರೆ ತೇಗದ ಬೀರುವಿನ ಆಯಸ್ಸು ಇದರಿಂದ ನಿರೀಕ್ಷಿಸಬೇಡಿ. ಘನ ಮರದ ಸಾಮಾನುಗಳೂ ಇವೆ, ಪೈನ್ ಮರದವು ಜಾಸ್ತಿ. ಹುಡುಕಿದರೆ ಸಿಗುತ್ತವೆ.

ಬಾಡಿಗೆ ಮನೆ, ಮೂರು ನಾಲ್ಕು ವರ್ಷದ ಮಾತು, ಮಗು ಬೆಳೆದರೆ ಬದಲಾಯಿಸಬೇಕು ಅನ್ನುವುದಾದರೆ ಪೆಟ್ಟಿಗೆಯ ಸಾಮಾನು ಸರಿ. ಗೋಡೆಯಿಂದ ಗೋಡೆಗೆ ಅಳತೆಗೆ ಸರಿಯಾಗಿ ಕೂರಬೇಕು, ಸ್ವಂತ ಮನೆ, ನೀರು ತಾಗುವ ಜಾಗ ಅನ್ನುವುದಾದರೆ ಪ್ಲೈವುಡ್ ಹಾಕಿ ಬಡಗಿಯಿಂದ ಮಾಡಿಸಿ. ಕರಾವಳಿಯ ತೇವಕ್ಕೂ ಮಲೆನಾಡಿನ ಮಳೆಗೂ ಪಾರ್ಟಿಕಲ್ ಬೋರ್ಡ್ ತಡೆಯುವುದು ಕಷ್ಟ. ಬೆಂಗಳೂರಿನಿಂದ ಮಂಗಳೂರಿಗೋ ತೀರ್ಥಹಳ್ಳಿಗೋ ಸಾಗಿಸುವ ಯೋಚನೆ ಇದ್ದವರು ಲೋಹದ ಕಪಾಟು, ಘನ ಮರದ ಮೇಜಿನ ಕಡೆ ನೋಡಿ.

3. ಪಟ್ಟಿ ಮಾಡಿ, ಹೆಸರಲ್ಲ, ನಂಬರ್ ಬರೆಯಿರಿ

ಐಕಿಯಾದ ಸಾಮಾನುಗಳಿಗೆ ಒಂದೊಂದು ಹೆಸರು ಇರುತ್ತದೆ, ಬಹುಪಾಲು ಸ್ವೀಡನ್ ಕಡೆಯವು. ಕಾಂಪ್ರಾಡ್ ಅವರಿಗೆ ಡಿಸ್‌ಲೆಕ್ಸಿಯಾ ಇತ್ತು, ಅಂದರೆ ಅಕ್ಷರ, ಅಂಕಿಗಳು ತಲೆಯಲ್ಲಿ ಕಲಸಿಹೋಗುವ ತೊಂದರೆ. ಅದಕ್ಕೇ ಅವರು ನಂಬರಿನ ಬದಲು ಹೆಸರು ಇಟ್ಟರು. ನೀವು ಮಾತ್ರ ಉಲ್ಟಾ ಮಾಡಿ. ಒಂದೇ ಹೆಸರಿನಲ್ಲಿ ಹತ್ತಾರು ಅಳತೆ, ಬಣ್ಣ ಇರುತ್ತವೆ. ಗೂಡುಗಳಿರುವ ಕಪಾಟಿಗೆ "ಕಲ್ಲಾಕ್ಸ್ ಬಿಳಿ" ಅಂತಷ್ಟೇ ಬರೆದುಕೊಂಡು ಹೋದರೆ ನಾಲ್ಕು ಗೂಡಿನದ್ದೋ ಎಂಟು ಗೂಡಿನದ್ದೋ ಅಂತ ಅಲ್ಲಿ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಪ್ರತಿ ಸಾಮಾನಿಗೂ 8 ಅಂಕಿಯ ಒಂದು ನಂಬರ್ ಇದೆ, ಮೂರು-ಮೂರು-ಎರಡು ಅಂತ ಚುಕ್ಕೆ ಹಾಕಿ ಬರೆದಿರುತ್ತಾರೆ. ಅದನ್ನು ಬರೆದುಕೊಳ್ಳಿ.

ಐಕಿಯಾದ ಆ್ಯಪಿನಲ್ಲೇ ಪಟ್ಟಿ ಮಾಡಿಕೊಂಡರೆ ಇನ್ನೂ ಸಲೀಸು. ನಾಗಸಂದ್ರದ ಅಂಗಡಿ ಆರಿಸಿದರೆ ಸ್ಟಾಕ್ ಇದೆಯೋ ಇಲ್ಲವೋ, ಪೆಟ್ಟಿಗೆಗಳನ್ನು ನಾವೇ ಎತ್ತಿಕೊಳ್ಳಬೇಕಾದ ಗೋದಾಮಿನ ಯಾವ ಸಾಲಿನಲ್ಲಿದೆ ಎಂದು ತೋರಿಸುತ್ತದೆ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ರಾತ್ರಿ ಇದ್ದದ್ದು ಬೆಳಿಗ್ಗೆ ಇರಬೇಕೆಂದಿಲ್ಲ.

ಎಚ್ಚರಿಕೆ: ಬೆಲೆ ಚೀಟಿಯಲ್ಲಿ ಏನೇನು ಸೇರಿದೆ ಅಂತ ಓದಿ. ವಾರ್ಡ್‌ರೋಬಿನ ಚೌಕಟ್ಟು ಒಂದು ಸಾಮಾನು, ಬಾಗಿಲು ಇನ್ನೊಂದು, ಹಿಂಜ್ ಮತ್ತೊಂದು, ಒಳಗಿನ ಕಂಬಿ, ಡ್ರಾಯರ್, ಹಿಡಿ ಎಲ್ಲ ಬೇರೆ ಬೇರೆ. ಮಂಚಕ್ಕೂ ಹಾಗೇ. ಹಾಸಿಗೆ ಕೂರುವ ಅಡ್ಡಪಟ್ಟಿಗಳು ಬೆಲೆಯಲ್ಲಿ ಸೇರಿವೆಯೋ ಇಲ್ಲವೋ ನೋಡಿಕೊಳ್ಳಿ. ಅಡ್ಡಪಟ್ಟಿ ಇಲ್ಲದ ಮಂಚ ಮನೆಗೆ ತಂದರೆ ಆ ರಾತ್ರಿ ಹಾಸಿಗೆ ನೆಲದ ಮೇಲೇ.

4. ಹೋಗುವ ದಿನ

ವಾರದ ದಿನ, ಬೆಳಿಗ್ಗೆ. ಶನಿವಾರ, ಭಾನುವಾರ ಮಧ್ಯಾಹ್ನದ ಮೇಲೆ ಹೋಗುವುದು ಸುಮ್ನೆ ಜಾತ್ರೆ ನೋಡಲು.

ಬರೀ ನೋಡಲು, ಸಣ್ಣಪುಟ್ಟ ಸಾಮಾನು ತರಲು ಹೋಗುವವರಿಗೆ ಮೆಟ್ರೊ ಒಳ್ಳೆಯದು. ಹಸಿರು ಮಾರ್ಗದ ನಾಗಸಂದ್ರ ಸ್ಟೇಷನ್ ಪಕ್ಕದಲ್ಲೇ ಅಂಗಡಿ ಇದೆ. ಮೊದಲು ಹಸಿರು ಮಾರ್ಗ ಇಲ್ಲಿಗೇ ಮುಗಿಯುತ್ತಿತ್ತು. 2024ರ ನವೆಂಬರಿನಿಂದ ರೈಲು ಮಾದಾವರದವರೆಗೆ ಹೋಗುತ್ತದೆ, ಹಾಗಾಗಿ ಕೊನೆಯ ಸ್ಟಾಪು ಅಂತ ಕಣ್ಣು ಮುಚ್ಚಿ ಕೂರಬೇಡಿ. ವಾಪಸ್ ಬರುವಾಗ ದೊಡ್ಡ ಪೆಟ್ಟಿಗೆಯನ್ನು ಮೆಟ್ರೊದೊಳಗೆ ಬಿಡುವುದಿಲ್ಲ. ಬ್ಯಾಗಿನ ಅಳತೆಗೂ ತೂಕಕ್ಕೂ ಮಿತಿ ಇದೆ.

ಟೇಪು, ಅಳತೆ ಬರೆದ ಚೀಟಿ, ಕೋಣೆಯ ಫೋಟೊ, ಮನೆಯ ಚೀಲ, ಚಾರ್ಜ್ ಇರುವ ಫೋನು ಜೊತೆಗಿರಲಿ. ಕಾಲಿಗೆ ಆರಾಮದ ಚಪ್ಪಲಿ ಹಾಕಿ, ನಡಿಗೆ ಜಾಸ್ತಿ. ಚಿಕ್ಕ ಮಕ್ಕಳಿದ್ದರೆ ಸ್ಮಾಲ್ಯಾಂಡ್ ಎಂಬ ಆಟದ ಜಾಗದಲ್ಲಿ ಬಿಡಬಹುದು. ಅಲ್ಲಿ ಎತ್ತರದ ಮಿತಿಯೂ ಸಮಯದ ಮಿತಿಯೂ ಇರುತ್ತದೆ, ಬಂದ ತಕ್ಷಣ ವಿಚಾರಿಸಿ.

5. ಷೋರೂಮ್: ಕೂತು ನೋಡಿ, ಫೋಟೊ ತೆಗೆಯಿರಿ, ಮುಂದೆ ನಡೆಯಿರಿ

ಒಳಗೆ ಹೋದರೆ ನೆಲದ ಮೇಲೆ ಬಾಣದ ಗುರುತುಗಳು. ಅವುಗಳ ಹಿಂದೆ ಹೋದರೆ ಹಾಲ್, ಅಡುಗೆಮನೆ, ಮಲಗುವ ಕೋಣೆ, ಮಕ್ಕಳ ಕೋಣೆ ಅಂತ ಎಲ್ಲವನ್ನೂ ಸುತ್ತಿಸುತ್ತಾರೆ. ಬೇಡದ್ದನ್ನೂ ಕಣ್ಣಿಗೆ ಬೀಳಿಸುವ ಉಪಾಯ ಅದು. ನಡುನಡುವೆ ಅಡ್ಡದಾರಿಗಳಿವೆ, ಗೋಡೆಯ ಮೇಲಿನ ನಕ್ಷೆಯಲ್ಲಿ ತೋರಿಸಿರುತ್ತಾರೆ. ಮಂಚ ಮಾತ್ರ ಬೇಕಿದ್ದರೆ ನೇರ ಅಲ್ಲಿಗೇ ಹೋಗಿ.

ಇಲ್ಲಿ ಮಾಡಬೇಕಾದ ಕೆಲಸ ಅಂದರೆ ಪರೀಕ್ಷೆ. ಸೋಫಾ ಮೇಲೆ ಸುಮ್ಮನೆ ಕೂತೆದ್ದರೆ ಸಾಲದು, ಮನೆಯಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂರಿ. ಕಾಲು ಮೇಲಿಟ್ಟು ಚಕ್ಕಂಬಕ್ಕಳ ಹಾಕಿ ಕೂರುವವರಿಗೆ ಸೀಟಿನ ಆಳ ಮುಖ್ಯ. ಅಮ್ಮನಿಗೋ ಅಜ್ಜಿಗೋ ಮಂಡಿ ನೋವಿದ್ದರೆ ಸೀಟಿನ ಎತ್ತರ ಮುಖ್ಯ, ಅವರನ್ನೇ ಕರೆದುಕೊಂಡು ಹೋಗಿ. ತೀರಾ ತಗ್ಗಿನ ಸೋಫಾದಿಂದ ಅವರು ಏಳುವಾಗ ಪಡುವ ಪಾಡು ನೋಡಿದರೆ ಬೆಲೆ ಚೀಟಿ ನೋಡುವುದೇ ಬೇಡವಾಗುತ್ತದೆ. ಡ್ರಾಯರ್ ಪೂರ್ತಿ ಎಳೆಯಿರಿ. ಮೇಜಿನ ಮೂಲೆ ಹಿಡಿದು ಅಲ್ಲಾಡಿಸಿ. ಯಾರೂ ಏನೂ ಅನ್ನುವುದಿಲ್ಲ, ಅಷ್ಟಕ್ಕೇ ಇಟ್ಟಿರುವುದು.

ಇಷ್ಟವಾದದ್ದರ ಬೆಲೆ ಚೀಟಿಯ ಫೋಟೊ ತೆಗೆಯಿರಿ. ನಂಬರ್, ಅಳತೆ, ಗೋದಾಮಿನ ಸಾಲು ಅದರಲ್ಲೇ ಇರುತ್ತದೆ. ಸಾಲಿನ ನಂಬರ್ ಇಲ್ಲದೆ ಸಿಬ್ಬಂದಿಯನ್ನು ಕೇಳಿ ಎಂದಿದ್ದರೆ ಅಲ್ಲೇ ಕೇಳಿ ಆರ್ಡರ್ ಬರೆಸಿ. ಆಮೇಲೆ ನೋಡೋಣ ಅಂತ ಮುಂದೆ ಹೋದರೆ ಮತ್ತೆ ಅಷ್ಟೂ ದಾರಿ ಹಿಂದಕ್ಕೆ ಬರಬೇಕು.

ಅಲಂಕರಿಸಿಟ್ಟ ಕೋಣೆಗೆ ಮರುಳಾಗಬೇಡಿ. ಅಲ್ಲಿ ನಾಲ್ಕೈದು ಕಡೆಯಿಂದ ಹಳದಿ ಬೆಳಕು ಬೀಳುತ್ತಿರುತ್ತದೆ. ನಮ್ಮ ಹಾಲಿನಲ್ಲಿ ಒಂದು ಟ್ಯೂಬ್‌ಲೈಟು. ಬಟ್ಟೆಯ ಬಣ್ಣ ಎರಡೂ ಕಡೆ ಒಂದೇ ಥರ ಕಾಣುವುದಿಲ್ಲ.

ಊಟದ ವಿಷಯ ಕೇಳುವವರೂ ಇದ್ದಾರೆ. ಸುಮಾರು 1000 ಜನ ಕೂರುವ ರೆಸ್ಟೋರೆಂಟ್ ಇದೆ. ಹೊರದೇಶಗಳಲ್ಲಿ ಪ್ರಸಿದ್ಧವಾದ ಮಾಂಸದ ಉಂಡೆ ಇಲ್ಲಿ ಕೋಳಿಯದ್ದು, ತರಕಾರಿಯದ್ದೂ ಸಿಗುತ್ತದೆ. ದನದ ಮಾಂಸ, ಹಂದಿ ಮಾಂಸ ಭಾರತದ ಅಂಗಡಿಗಳಲ್ಲಿ ಇಲ್ಲ. ಹಸಿದ ಹೊಟ್ಟೆಯಲ್ಲಿ ಸೋಫಾ ಆರಿಸಬೇಡಿ, ಮೊದಲು ಊಟ.

6. ಮಾರ್ಕೆಟ್ ಹಾಲ್

ಪಾತ್ರೆ, ಪರದೆ, ದೀಪ, ಡಬ್ಬಿಗಳ ಜಾಗ. ಬಿಲ್ ಬೆಳೆಯುವುದು ಇಲ್ಲೇ. ಪಟ್ಟಿಯಲ್ಲಿ ಇಲ್ಲದ್ದನ್ನು ಬುಟ್ಟಿಗೆ ಹಾಕುವ ಮುಂಚೆ ಒಮ್ಮೆ ಯೋಚಿಸಿ. ಸ್ಟೀಲ್ ಡಬ್ಬಿ, ಬಾಂಡ್ಲಿ ನಮ್ಮ ಚಿಕ್ಕಪೇಟೆಯಲ್ಲಿ ಸಿಗುವುದಿಲ್ಲವಾ?

ದೀಪ ತಗೊಳ್ಳುವವರಿಗೆ ಒಂದು ಮಾತು. ನಮ್ಮ ಮನೆಗಳ ಹಳೆಯ ಹೋಲ್ಡರುಗಳು ಒತ್ತಿ ತಿರುಗಿಸುವ ಪಿನ್ ಬಲ್ಬಿನವು. ಐಕಿಯಾದ ಹೆಚ್ಚಿನ ದೀಪಗಳಿಗೆ ಬೇಕಾದ್ದು ಸ್ಕ್ರೂ ಥರ ತಿರುಗಿಸಿ ಕೂರಿಸುವ ಬಲ್ಬು. ದೊಡ್ಡದಕ್ಕೆ ಇ27, ಸಣ್ಣದಕ್ಕೆ ಇ14 ಎಂದು ಬರೆದಿರುತ್ತದೆ. ಬಹಳಷ್ಟು ದೀಪಗಳ ಜೊತೆ ಬಲ್ಬ್ ಬರುವುದಿಲ್ಲ. ಅಲ್ಲೇ ಹೊಂದುವ ಬಲ್ಬ್ ತಗೊಳ್ಳಿ. ಪರದೆಯ ಉದ್ದವೂ ನಮ್ಮ 7 ಅಡಿ, 9 ಅಡಿ ಲೆಕ್ಕಕ್ಕೆ ಸಿಗುವುದಿಲ್ಲ, ಕತ್ತರಿಸಿ ಹೊಲಿಸಬೇಕಾಗಬಹುದು.

7. ಗೋದಾಮಿನಲ್ಲಿ ಪೆಟ್ಟಿಗೆ ಹುಡುಕುವುದು

ಚೀಟಿಯಲ್ಲಿರುವ ಎರಡು ಅಂಕಿಗಳಲ್ಲಿ ಒಂದು ಸಾಲಿನದ್ದು, ಇನ್ನೊಂದು ಆ ಸಾಲಿನೊಳಗಿನ ಜಾಗದ್ದು. ಚಪ್ಪಟೆ ಗಾಡಿ ತಗೊಂಡು ಹೋಗಿ. ಪೆಟ್ಟಿಗೆ ಎತ್ತುವ ಮುಂಚೆ ಮೂರು ವಿಷಯ ನೋಡಿ.

ಪೆಟ್ಟಿಗೆಯ ಮೇಲಿನ 8 ಅಂಕಿ ನಿಮ್ಮ ಫೋಟೊದಲ್ಲಿರುವುದಕ್ಕೆ ಸರಿಹೊಂದಬೇಕು. ಪಕ್ಕದ ರಾಶಿಯಲ್ಲಿ ಅದೇ ಹೆಸರಿನ ಬೇರೆ ಬಣ್ಣದ್ದು ಇರುತ್ತದೆ, ಯಾರೋ ತೆಗೆದು ನೋಡಿ ತಪ್ಪು ಜಾಗದಲ್ಲಿ ಇಟ್ಟಿರಬಹುದು.

ಎಷ್ಟು ಪೆಟ್ಟಿಗೆ ಅಂತ ನೋಡಿ. ದೊಡ್ಡ ಸಾಮಾನು ಎರಡು ಮೂರು ಪೆಟ್ಟಿಗೆಯಲ್ಲಿ ಬರುತ್ತದೆ, ಅವು ಬೇರೆ ಬೇರೆ ಸಾಲಿನಲ್ಲೂ ಇರಬಹುದು. ಮೇಲೆ ಎರಡರಲ್ಲಿ ಒಂದು, ಎರಡರಲ್ಲಿ ಎರಡು ಎಂಬ ಗುರುತು ಇರುತ್ತದೆ. ಒಂದು ಬಿಟ್ಟು ಬಂದರೆ ಇನ್ನೊಂದು ಸಲ ತುಮಕೂರು ರಸ್ತೆ.

ಮೂಲೆಗಳನ್ನು ಸವರಿ ನೋಡಿ. ಮೂಲೆ ಜಜ್ಜಿದ್ದರೆ ಒಳಗಿನ ಹಲಗೆಯೂ ಪುಡಿಯಾಗಿರುವ ಸಾಧ್ಯತೆ ಜಾಸ್ತಿ. ಹಿಂದಿನ ಪೆಟ್ಟಿಗೆ ತಗೊಳ್ಳಿ. ತೂಕವನ್ನೂ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಪಾರ್ಟಿಕಲ್ ಬೋರ್ಡ್ ನೋಡಲು ತೆಳ್ಳಗೆ, ಎತ್ತಿದರೆ ಭಾರ. ಒಬ್ಬರೇ ಎತ್ತುವ ಸಾಹಸ ಬೇಡ.

ಕೊನೆಯಲ್ಲಿ, ಬಿಲ್ ಕೌಂಟರಿನ ಹತ್ತಿರ, ಷೋರೂಮಿನಲ್ಲಿಟ್ಟ, ವಾಪಸ್ ಬಂದ, ಸ್ವಲ್ಪ ಗೀರು ಬಿದ್ದ ಸಾಮಾನುಗಳ ಮೂಲೆ ಇರುತ್ತದೆ. ಬೆಲೆ ಕಡಿಮೆ, ಜೋಡಿಸಿಯೂ ಇರುತ್ತದೆ. ನನ್ನ ಪ್ರಕಾರ ಬುದ್ಧಿವಂತರು ಮೊದಲು ಹಣಕಿ ಹಾಕಬೇಕಾದ್ದು ಇಲ್ಲಿಗೇ. ಆದರೆ ಇದ್ದದ್ದು ಇದ್ದ ಹಾಗೆ ಎಂಬ ಷರತ್ತು, ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಎಲ್ಲ ಬಾಗಿಲು ತೆಗೆದು ಹಾಕಿ, ಹಿಂಬದಿ ನೋಡಿ ತಗೊಳ್ಳಿ.

8. ಮನೆಗೆ ಸಾಗಿಸುವುದು

ಪೆಟ್ಟಿಗೆಯ ಅಳತೆ ವೆಬ್‌ಸೈಟಿನಲ್ಲಿ ಇರುತ್ತದೆ, ಸಾಮಾನಿನ ಅಳತೆಗಿಂತ ಅದು ಬೇರೆ. ಬಿಲ್ಲಿ ಕಪಾಟು 202 ಎತ್ತರ, ಅದರ ಪೆಟ್ಟಿಗೆಯೂ ಎರಡು ಮೀಟರ್ ದಾಟುತ್ತದೆ. ಹಿಂದಿನ ಸೀಟು ಮಡಚಿ, ಮುಂದಿನ ಸೀಟು ಒರಗಿಸಿ, ಡಿಕ್ಕಿ ಬಾಗಿಲಿನಿಂದ ಡ್ಯಾಶ್‌ಬೋರ್ಡ್‌ವರೆಗೆ ಎಷ್ಟಿದೆ ಅಂತ ಮನೆಯಲ್ಲೇ ಅಳೆದಿಡಿ. ಡಿಕ್ಕಿ ತೆರೆದಿಟ್ಟು ಹಗ್ಗ ಕಟ್ಟಿಕೊಂಡು ಪೀಣ್ಯ ಫ್ಲೈಓವರ್ ಮೇಲೆ ಹೋಗುವುದು ಅಪಾಯ.

ಇಲ್ಲದಿದ್ದರೆ ಅಂಗಡಿಯ ಡೆಲಿವರಿ, ಅಥವಾ ಆ್ಯಪಿನಲ್ಲಿ ಕರೆಸುವ ಟಾಟಾ ಏಸ್, ಗೂಡ್ಸ್ ಆಟೊ. ಗೂಡ್ಸ್ ಆಟೊ ಅಗ್ಗ, ಆದರೆ ಎತ್ತಿಳಿಸುವವರ ಕೂಲಿ ಬೇರೆಯೋ ಸೇರಿದೆಯೋ ಅಂತ ಮೊದಲೇ ಮಾತಾಡಿ. ಮಳೆಗಾಲದಲ್ಲಿ ಟಾರ್ಪಾಲ್ ಇದೆಯಾ ಕೇಳಿ, ರಟ್ಟು ನೆನೆದರೆ ಒಳಗಿನ ಹಲಗೆಗೂ ಕಾಟ. ಅಪಾರ್ಟ್‌ಮೆಂಟಿನವರು ಸಾಮಾನು ತರಲು ಅಸೋಸಿಯೇಷನ್ ಸಮಯ ಗೊತ್ತುಮಾಡಿದೆಯಾ, ಸರ್ವಿಸ್ ಲಿಫ್ಟ್ ಸಿಗುತ್ತಾ ಅಂತ ಗೇಟಿನಲ್ಲಿ ವಿಚಾರಿಸಿಟ್ಟುಕೊಳ್ಳಿ.

ಬಿಲ್ಲನ್ನು ಫೋಟೊ ತೆಗೆದಿಡಿ, ಕಾಗದದ ಬಿಲ್ ಮಾಸಿಹೋಗುತ್ತದೆ. ವಾಪಸ್ ಕೊಡುವ ಗಡುವು ಮತ್ತು ಷರತ್ತು ಓದಿಕೊಳ್ಳಿ. ಅನುಮಾನ ಇರುವ ಪೆಟ್ಟಿಗೆಯನ್ನು ಬಿಚ್ಚಲು ಹೋಗಬೇಡಿ. ಬಿಚ್ಚದ್ದನ್ನು ಹಿಂದಿರುಗಿಸುವುದು ಸುಲಭ.

9. ಜೋಡಿಸುವುದು

ಆಗುತ್ತಾ ಅಂದರೆ, ಸಣ್ಣ ಮೇಜು, ಪುಸ್ತಕದ ಕಪಾಟು ಯಾರ ಕೈಲಾದರೂ ಆಗುತ್ತದೆ. ಡ್ರಾಯರಿನ ಕಪಾಟಿಗೆ ತಾಳ್ಮೆ ಬೇಕು. ಬಾಗಿಲಿರುವ ವಾರ್ಡ್‌ರೋಬಿಗೆ ಇಬ್ಬರು ಬೇಕು, ಒಂದು ದಿನ ಬೇಕು. ಮಾಡ್ಯುಲರ್ ಅಡುಗೆಮನೆಯನ್ನು ಮಾತ್ರ ಗೊತ್ತಿರುವವರಿಗೇ ಬಿಡಿ.

ಪುಸ್ತಿಕೆಯಲ್ಲಿ ಜೋಡಿಸುವ ಹಂತಗಳಿಗೆ ಮಾತಿನ ವಿವರಣೆ ಇರುವುದಿಲ್ಲ, ಬರೀ ಚಿತ್ರ. ಒಬ್ಬ ಮನುಷ್ಯನ ಚಿತ್ರಕ್ಕೆ ಅಡ್ಡಗೀಟು ಹಾಕಿ ಪಕ್ಕದಲ್ಲಿ ಇಬ್ಬರನ್ನು ತೋರಿಸಿದ್ದರೆ ಇಬ್ಬರು ಸೇರಿಯೇ ಮಾಡಬೇಕು ಎಂದರ್ಥ. ಶುರು ಮಾಡುವ ಮುಂಚೆ ಕೊನೆಯವರೆಗೂ ಒಮ್ಮೆ ತಿರುವಿ ಹಾಕಿ.

ಅಲೆನ್ ಕೀ ಅಂದರೆ ಆರು ಮುಖದ, ಬಾಗಿದ ಕಂಬಿ, ಬೇಕಿದ್ದರೆ ಪೆಟ್ಟಿಗೆಯಲ್ಲೇ ಇರುತ್ತದೆ. ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ಮನೆಯಲ್ಲಿರಬೇಕು. ಪೆಟ್ಟಿಗೆಯ ರಟ್ಟನ್ನೇ ನೆಲಕ್ಕೆ ಹಾಸಿ, ಟೈಲ್ಸ್ ಮೇಲೆ ಹಲಗೆ ಜಾರುವುದಿಲ್ಲ, ಅಂಚು ಒಡೆಯುವುದಿಲ್ಲ. ಸ್ಕ್ರೂಗಳನ್ನು ತಿಂಡಿ ತಟ್ಟೆಗಳಲ್ಲಿ ಬಗೆ ಬಗೆಯಾಗಿ ಹಾಕಿ ಎಣಿಸಿ. ಪ್ರತಿ ಸ್ಕ್ರೂವಿನ ಚಿತ್ರದ ಪಕ್ಕ 6 ಅಂಕಿಯ ನಂಬರ್ ಇರುತ್ತದೆ. ಒಂದು ಕಡಿಮೆ ಬಿದ್ದರೆ ಆ ನಂಬರ್ ಹೇಳಿ ಕೇಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಹೋಲುವಂಥದ್ದು ತಂದು ತಿರುಗಿಸಲು ಹೋಗಬೇಡಿ.

ಇವುಗಳಲ್ಲಿ ಬಹಳ ಬಳಸುವ ಜೋಡಣೆಗೆ ಕ್ಯಾಮ್ ಲಾಕ್ ಎನ್ನುತ್ತಾರೆ. ಒಂದು ಹಲಗೆಗೆ ತಲೆಯಿರುವ ಬೋಲ್ಟ್, ಇನ್ನೊಂದು ಹಲಗೆಯ ಕುಳಿಯೊಳಗೆ ನಾಣ್ಯದಷ್ಟು ಸಣ್ಣ ಉರುಟು ಬಿಲ್ಲೆ. ಬಿಲ್ಲೆಯ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಬೋಲ್ಟ್ ಒಳಗೆ ಬರುವ ಮುಂಚೆ ಆ ಬಾಣ ಬೋಲ್ಟ್ ಬರುವ ಅಂಚಿನ ಕಡೆ ಮುಖ ಮಾಡಿರಬೇಕು. ಆಮೇಲೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುಮಾರು ಅರ್ಧ ಸುತ್ತು. ಬಿಗಿ ಅನಿಸಿದ ಕೂಡಲೇ ನಿಲ್ಲಿಸಿ. ಬಾಣ ಬೇರೆ ಕಡೆ ತಿರುಗಿದ್ದರೆ ಬಿಲ್ಲೆ ಬೋಲ್ಟನ್ನು ಹಿಡಿಯುವುದೇ ಇಲ್ಲ, ಸುಮ್ನೆ ತಿರುಗುತ್ತದೆ. ಬಲವಂತ ಮಾಡಿದರೆ ಕುಳಿ ಒಡೆದು ಪುಡಿ ಉದುರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಇದೇ ಕಾರಣಕ್ಕೆ ಎಲೆಕ್ಟ್ರಿಕ್ ಸ್ಕ್ರೂಡ್ರೈವರ್ ಬೇಡ ಅಂತ ನಾನು ಹೇಳುವುದು, ಅದು ಎಲ್ಲಿ ನಿಲ್ಲಬೇಕೆಂದು ಕೈಗೆ ಹೇಳುವುದಿಲ್ಲ.

ಹಲಗೆಯ ಯಾವ ಅಂಚಿಗೆ ಬಣ್ಣದ ಪಟ್ಟಿ ಇದೆ, ಯಾವುದಕ್ಕೆ ಇಲ್ಲ ಅಂತ ಪ್ರತಿ ಹಂತದಲ್ಲೂ ಚಿತ್ರದ ಜೊತೆ ಹೋಲಿಸಿ. ಪಟ್ಟಿ ಇಲ್ಲದ ಅಂಚು ಮುಂದೆ ಬಂದಿದೆ ಅಂತ ಎಲ್ಲ ಮುಗಿದ ಮೇಲೆ ಗೊತ್ತಾಗುವುದು ಬಹಳ ಮನೆಗಳ ಕಥೆ.

ಹಿಂಬದಿಯ ತೆಳು ಹಲಗೆ ಬರೀ ಅಲಂಕಾರಕ್ಕಲ್ಲ, ಕಪಾಟನ್ನು ನೆಟ್ಟಗೆ ನಿಲ್ಲಿಸುವುದೇ ಅದು. ಮೊಳೆ ಹೊಡೆಯುವ ಮುಂಚೆ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ, ಆಮೇಲೆ ಇನ್ನೆರಡು ಮೂಲೆ. ಎರಡೂ ಅಳತೆ ಒಂದೇ ಇದ್ದರೆ ಮಾತ್ರ ಹೊಡೆಯಿರಿ. ಇಲ್ಲದಿದ್ದರೆ ಬಾಗಿಲುಗಳು ಎಂದಿಗೂ ಸರಿಯಾಗಿ ಕೂರುವುದಿಲ್ಲ.

10. ಗೋಡೆಗೆ ಬಿಗಿಯುವುದು: ಇದನ್ನು ಬಿಡಲೇಬೇಡಿ

ಎತ್ತರದ ಕಪಾಟು, ಡ್ರಾಯರಿನ ಕಪಾಟು ಗೋಡೆಗೆ ಬಿಗಿಯದಿದ್ದರೆ ಮುಂದಕ್ಕೆ ಬೀಳಬಹುದು. ಎಲ್ಲ ಡ್ರಾಯರುಗಳನ್ನೂ ಎಳೆದು ಮಗು ಅವುಗಳ ಮೇಲೆ ಮೆಟ್ಟಿಲಿನಂತೆ ಹತ್ತಿದರೆ ಸಾಕು. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತ ಮೇಲೆ 2016ರಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ವಾಪಸ್ ಕರೆಸಬೇಕಾಯಿತು. ನಮ್ಮಲ್ಲಿ ಬಹಳ ಜನ "ಗೋಡೆಗೆ ಯಾಕೆ ತೂತು" ಅಂತ ಗೋಡೆಗೆ ಬಿಗಿಯುವ ಪಟ್ಟಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟುಬಿಡುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಒಂದು ಮಾತು ಕೇಳಿ. ತೂತು ಮುಚ್ಚುವ ಖರ್ಚು ದೊಡ್ಡದೇನಲ್ಲ.

ಬಿಗಿಯುವ ಪಟ್ಟಿ ಪೆಟ್ಟಿಗೆಯಲ್ಲಿ ಬರುತ್ತದೆ, ಗೋಡೆಗೆ ಹಾಕುವ ಸ್ಕ್ರೂ, ಪ್ಲಗ್ ಬರುವುದಿಲ್ಲ. ಗೋಡೆ ಒಂದೊಂದು ಮನೆಯಲ್ಲಿ ಒಂದೊಂದು ಥರ ಅಲ್ವಾ, ಅದಕ್ಕೆ. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನ ಗೋಡೆಗೆ ಹ್ಯಾಮರ್ ಡ್ರಿಲ್ ಬೇಕು, ಕಲ್ಲಿಗೆ ಬಳಸುವ ಬಿಟ್ ಬೇಕು. 8 ಮಿಲಿಮೀಟರಿನ ಪ್ಲಗ್ ಅಂದರೆ 8 ಮಿಲಿಮೀಟರಿನ ಬಿಟ್. ಪ್ಲಾಸ್ಟರ್ ದಾಟಿ ಒಳಗಿನ ಗಟ್ಟಿ ಭಾಗದವರೆಗೆ ತೂತು ಹೋಗಲಿ. ಬರೀ ಪ್ಲಾಸ್ಟರಿನಲ್ಲಿ ನಿಂತ ಸ್ಕ್ರೂ ಕೈಯಲ್ಲಿ ಎಳೆದರೂ ಬರುತ್ತದೆ. ಹೊಸ ಅಪಾರ್ಟ್‌ಮೆಂಟಿನ ಹಗುರ ಬ್ಲಾಕಿಗೆ, ಟೊಳ್ಳು ಬ್ಲಾಕಿಗೆ ಪ್ಲಗ್ ಬೇರೆ, ಅಂಗಡಿಯಲ್ಲಿ ಗೋಡೆ ಯಾವುದೆಂದು ಹೇಳಿ ಕೇಳಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಹಾಕಬೇಡಿ, ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ. ಗೋಡೆಯ ಆ ಕಡೆ ಬಾತ್‌ರೂಮ್ ಇದ್ದರೆ ನೀರಿನ ಪೈಪಿನ ಬಗ್ಗೆಯೂ ಎಚ್ಚರ.

11. ಬಾಳಿಕೆ

ಪಾರ್ಟಿಕಲ್ ಬೋರ್ಡನ್ನು ಹಾಳುಮಾಡುವುದು ನಮ್ಮ ಮನೆಗಳಲ್ಲಿ ಮುಖ್ಯವಾಗಿ ನೆಲ ಒರೆಸುವ ನೀರು. ದಿನಾ ಒದ್ದೆ ಬಟ್ಟೆ ಕಪಾಟಿನ ಬುಡಕ್ಕೆ ತಾಗುತ್ತದೆ, ಅಂಚಿನ ಪಟ್ಟಿಯ ಸಂದಿಯಿಂದ ನೀರು ಒಳಗೆ ಹೋಗುತ್ತದೆ, ಹಲಗೆ ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಸಾಧ್ಯವಾದರೆ ಕಾಲುಗಳಿರುವ ಮಾದರಿಯನ್ನೇ ಆರಿಸಿ. ಇಲ್ಲದಿದ್ದರೆ ಬುಡಕ್ಕೆ ಪ್ಲಾಸ್ಟಿಕ್ ಬುಷ್ ಹಾಕಿ ನೆಲದಿಂದ ಸ್ವಲ್ಪ ಎತ್ತಿ. ಮನೆಕೆಲಸಕ್ಕೆ ಬರುವವರಿಗೂ ಹೇಳಿಡಿ. ಗೆದ್ದಲು ಇರುವ ಮನೆಯಾದರೆ ಮೊದಲು ಅದಕ್ಕೆ ಔಷಧಿ ಹೊಡೆಸಿ, ಆಮೇಲೆ ಕಪಾಟು ತನ್ನಿ.

ಕೆಲವು ವಾರ ಬಳಸಿದ ಮೇಲೆ ಸ್ಕ್ರೂಗಳು ಸ್ವಲ್ಪ ಸಡಿಲವಾಗುತ್ತವೆ, ಒಮ್ಮೆ ಕೈಯಲ್ಲೇ ಬಿಗಿ ಮಾಡಿ. ಮಂಚಕ್ಕೂ ಕುರ್ಚಿಗೂ ಇದು ಬೇಕೇ ಬೇಕು. ಮನೆ ಬದಲಾಯಿಸುವಾಗ ಕಪಾಟನ್ನು ಹಾಗೇ ಎಳೆಯಬೇಡಿ, ಅಡ್ಡಕ್ಕೆ ಎಳೆದಾಗಲೇ ಕುಳಿಗಳು ಕಿತ್ತುಬರುವುದು. ಡ್ರಾಯರ್, ಬಾಗಿಲು, ಒಳ ಹಲಗೆ ತೆಗೆದು ಇಬ್ಬರು ಎತ್ತಿ. ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವುದನ್ನು ಒಂದು ಸಲ ತಡೆದುಕೊಳ್ಳುತ್ತದೆ, ಎರಡನೇ ಸಲಕ್ಕೆ ಕುಳಿಗಳು ಸಡಿಲ. ಅಲೆನ್ ಕೀ, ಉಳಿದ ಸ್ಕ್ರೂ, ಪುಸ್ತಿಕೆ ಎಲ್ಲವನ್ನೂ ಒಂದು ಜಿಪ್ ಕವರಿನಲ್ಲಿ ಹಾಕಿ ಕಪಾಟಿನ ಹಿಂಬದಿಗೆ ಟೇಪು ಅಂಟಿಸಿಬಿಡಿ. ಬೇಕಾದಾಗ ಹುಡುಕುವ ಕೆಲಸ ಇರುವುದಿಲ್ಲ.